ತಾತನ ತಮಟೆ, ಸರ್ಕಾರದ ಮಾತು

ಕೊಳ್ಳೇಗಾಲದಿಂದ ಹನೂರಿಗೆ, ಅಲ್ಲಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ರಸ್ತೆಯಲ್ಲಿ ಪೇಟೆ ದಾಟಿದ ಸ್ವಲ್ಪ ಹೊತ್ತಿಗೇ ನಮ್ಮ ಮಧುವನಹಳ್ಳಿ ಸಿಗುತ್ತದೆ. ಈಗ ಆ ರಸ್ತೆಯಲ್ಲಿ ಸದ್ದಿಗೆ ಬರವಿಲ್ಲ. ಬೆಟ್ಟಕ್ಕೆ ಹೋಗುವ ಬಸ್ಸುಗಳು, ಪರಿಸೆಯ ಟೆಂಪೋಗಳು, ತರಕಾರಿ ಮಾರುವ ಆಟೋದ ಮೈಕು, ಪಂಚಾಯ್ತಿಯ ಕಸದ ಗಾಡಿಯ ಹಾಡು. ನಾನು ಹುಡುಗನಾಗಿದ್ದ 1960ರ ದಶಕದ ಕೊನೆಯಲ್ಲಿ ಹೀಗಿರಲಿಲ್ಲ. ಊರಿಗೆ ಊರೇ ಕೇಳಬೇಕಾದ ಮಾತು ಯಾವುದೇ ಇದ್ದರೂ ಅದು ನಮ್ಮ ತಾತನ ಬಾಯಿಂದ ಬರಬೇಕಿತ್ತು. ತಾತ ಊರ ತೋಟಿ. ತಮಟೆ ಹೊಡೆದು ಸಾರುವುದು ಅವನ ಪಾಲಿಗೆ ಬಂದ ಕೆಲಸ. ಅವನ ಅಪ್ಪ ಮಾಡಿದ್ದ, ಅಪ್ಪನ ಅಪ್ಪನೂ ಮಾಡಿದ್ದ.

ತಾತ ಏನೇನು ಸಾರುತ್ತಿದ್ದ ಎಂದು ನೆನೆಯುತ್ತಾ ಹೋದರೆ ಒಂದು ಊರಿನ ಬಾಳುವೆಯೇ ಕಣ್ಣ ಮುಂದೆ ಬರುತ್ತದೆ. ಕಂದಾಯ ಕಟ್ಟುವ ಕಡೆಯ ದಿನ. ಸೊಸೈಟಿಗೆ ಸೀಮೆಎಣ್ಣೆ ಬಂದದ್ದು. ಮಕ್ಕಳಿಗೆ ಸಿಡುಬಿನ ಲಸಿಕೆ ಹಾಕುವವರು ಬರುವುದು, ದನಗಳಿಗೆ ಕಾಲುಬಾಯಿ ಜ್ವರದ ಸೂಜಿ. ಮಾರಿಹಬ್ಬಕ್ಕೆ ಊರವರು ಸೇರಿ ದಿನ ಇಟ್ಟದ್ದು, ಆ ವಾರ ಯಾರೂ ಒನಕೆ ಎತ್ತಬಾರದು, ಒಗ್ಗರಣೆ ಹಾಕಬಾರದು ಎಂಬ ಕಟ್ಟು. ಕೆರೆಯ ಮೀನಿನ ಹರಾಜು. ಹುರುಳಿ ಹೊಲಕ್ಕೆ ನುಗ್ಗಿದ ದನವನ್ನು ದೊಡ್ಡಿಗೆ ಕೂಡಿದ್ದು. ಯಾರದೋ ಕಂದು ಬಣ್ಣದ ಕಡಸು ಸಂತೆಯಿಂದ ಬರುತ್ತಾ ತಪ್ಪಿಸಿಕೊಂಡದ್ದು. ಓಟಿನ ದಿನ. ಜನಗಣತಿಗೆ ಮೇಷ್ಟ್ರು ಮನೆ ಮನೆಗೆ ಬರುವುದು. ಇದರಲ್ಲಿ ಒಂದೊಂದನ್ನೂ ತಾತ ಒಂದೊಂದು ಬಗೆಯಲ್ಲಿ ಹೇಳುತ್ತಿದ್ದ. ಕಂದಾಯ ಸಾರುವ ದನಿಯಲ್ಲಿ ಎಂದೂ ಮಾರಿಹಬ್ಬ ಸಾರಿದವನಲ್ಲ.

ಆ ವಿದ್ಯೆಯ ಬಗ್ಗೆ ಮೊದಲು ಹೇಳಬೇಕು. ಅದನ್ನು ಯಾರೂ ವಿದ್ಯೆ ಎಂದು ಕರೆಯಲಿಲ್ಲ, ನಾನಾದರೂ ಕರೆಯುತ್ತೇನೆ.

ಹೊತ್ತು ಮುಳುಗುವ ಮುಂಚೆ ತಾತ ಮನೆ ಮುಂದೆ ಹುಲ್ಲು, ತೆಂಗಿನ ಗರಿ ಹಾಕಿ ಸಣ್ಣ ಬೆಂಕಿ ಮಾಡುತ್ತಿದ್ದ. ತಮಟೆಯನ್ನು ಆ ಉರಿಗೆ ಹಿಡಿದು ತಿರುಗಿಸುತ್ತಾ ಬೆರಳ ತುದಿಯಿಂದ ತಟ್ಟಿ ನೋಡುತ್ತಿದ್ದ. ಮಳೆಗಾಲದಲ್ಲಿ ಚರ್ಮ ತೇವ ಕುಡಿದು ದನಿ ಸತ್ತಿರುತ್ತದೆ, ಅದಕ್ಕೆ ಹೆಚ್ಚು ಹೊತ್ತು ಕಾಯಿಸಬೇಕು. ಹೆಚ್ಚು ಕಾಯಿಸಿದರೆ ಸೀಳುತ್ತದೆ. ತಟ್ಟಿದಾಗ ಕಣಕಣ ಎಂದರೆ ಸರಿ. ಬಲಗೈಗೆ ದಪ್ಪ ಮೋಟು ಕೋಲು, ಎಡಗೈಗೆ ಸೀಳಿದ ಬಿದಿರಿನ ತೆಳ್ಳನೆಯ ಉದ್ದ ಕಡ್ಡಿ. ದಪ್ಪ ಕೋಲಿನ ಪೆಟ್ಟು ದೂರ ಹೋಗುತ್ತದೆ, ಕಡ್ಡಿಯ ಪೆಟ್ಟು ಹತ್ತಿರದವರನ್ನು ಎಚ್ಚರಿಸುತ್ತದೆ ಎನ್ನುತ್ತಿದ್ದ. ಸಾರುವುದಕ್ಕೆ ಒಂದು ಪೆಟ್ಟು, ಸಾವಿಗೆ ಒಂದು ಪೆಟ್ಟು, ದೇವರಿಗೆ ಒಂದು ಪೆಟ್ಟು. ಮನೆಯೊಳಗೆ ರೊಟ್ಟಿ ತಟ್ಟುತ್ತಿದ್ದ ಹೆಂಗಸು ಬಾಗಿಲಿಗೆ ಬರಬೇಕೋ, ಎದೆ ಹಿಡಿದುಕೊಂಡು ಬರಬೇಕೋ ಎಂಬುದು ಮಾತು ಶುರುವಾಗುವ ಮೊದಲೇ ಗೊತ್ತಾಗುತ್ತಿತ್ತು.

ಹೊತ್ತನ್ನು ಅವನೇ ಗೊತ್ತುಮಾಡುತ್ತಿದ್ದ. ಹೊಲದಿಂದ ಜನ ಬಂದಿರಬೇಕು, ಇನ್ನೂ ಉಣ್ಣಲು ಕೂತಿರಬಾರದು. ಸಂತೆಯ ದಿನವಾದರೆ ಇನ್ನೂ ತಡ, ಏಕೆಂದರೆ ಕೊಳ್ಳೇಗಾಲದಿಂದ ನಡೆದು ಬರುವವರು ಹಾದಿಯಲ್ಲೇ ಇರುತ್ತಾರೆ. ರೇಷ್ಮೆ ಹುಳು ಮಾಗಿ ಚಂದ್ರಿಕೆಗೆ ಬಿಡುವ ದಿನಗಳಲ್ಲಿ ಯಾವ ಮನೆಯಲ್ಲೂ ಯಾರಿಗೂ ಮೈಮೇಲೆ ಎಚ್ಚರವಿರುವುದಿಲ್ಲ. ಆಗ ಅವನು ಬೀದಿ ತುದಿಯಲ್ಲಿ ನಿಲ್ಲದೆ ಹುಳು ಸಾಕಿದ ಮನೆಗಳ ಅಂಗಳದ ಅಂಚಿಗೇ ಹೋಗಿ ಹೇಳುತ್ತಿದ್ದ.

ತಾತನಿಗೆ ಓದು ಬರುತ್ತಿರಲಿಲ್ಲ. ಶಾನುಭೋಗರು ಚೀಟಿ ಓದಿ ಹೇಳುತ್ತಿದ್ದರು. ಅವರ ಕನ್ನಡ ಕಚೇರಿ ಕನ್ನಡ. ತಾತ ತಲೆ ತಗ್ಗಿಸಿ ಕೇಳಿಸಿಕೊಂಡು, ಇನ್ನೊಮ್ಮೆ ಹೇಳಿಸಿಕೊಂಡು, ಬರುವ ದಾರಿಯಲ್ಲಿ ತುಟಿ ಅಲ್ಲಾಡಿಸುತ್ತಾ ಅದನ್ನು ಮುರಿದು ಬೇರೆ ಕಟ್ಟುತ್ತಿದ್ದ. ಮೊದಲು ಹೇಳಿಸುತ್ತಿರುವವರು ಯಾರು, ಆಮೇಲೆ ವಿಷಯ, ಆಮೇಲೆ ದಿನ ಮತ್ತು ಜಾಗ, ಕೊನೆಗೆ ತಪ್ಪಿದರೆ ಏನು. ತಾರೀಖು ಎಂದೂ ಹೇಳುತ್ತಿರಲಿಲ್ಲ, ತಾರೀಖು ಯಾರಿಗೆ ಬೇಕು?

“ಕೇಳ್ರಪ್ಪೋ... ಕೇಳ್ರವ್ವೋ... ಸರ್ಕಾರದವ್ರು ಹೇಳವ್ರೆ. ಬರಾ ಸೋಮಾರ, ಒತ್ತಾರೆ ಮೊದಲ್ನೇ ಬಸ್ಸು ಹೋದ್‌ಮ್ಯಾಲ, ಚಾವಡಿ ತಾವ್ಕೆ ಸೂಜಿ ಹಾಕೋರು ಬತ್ತರ. ಎದೆ ಹಾಲು ಕುಡಿಯೋ ಕೂಸಿಂದ ಹಿಡ್ದು ಇಸ್ಕೂಲಿಗೆ ಹೋಗೋ ಮಕ್ಕ ಗಂಟ ಎಲ್ಲಾರ್ನೂ ಕರ್ಕಂಡು ಬರ್ಬೇಕು. ಬಚ್ಚಿಟ್ಕಬ್ಯಾಡ್ರವ್ವೋ... ಸಿಡ್ಬು ಬಂದ್ರ ಮಾರಮ್ಮನ್ಗೂ ಕಷ್ಟ, ನಿಮ್ಗೂ ಕಷ್ಟ.”

ಕೊನೆಯ ಮಾತು ಚೀಟಿಯಲ್ಲಿರಲಿಲ್ಲ. ಅದು ತಾತನದೇ. ಮಕ್ಕಳನ್ನು ಅಟ್ಟದ ಮೇಲೆ ಬಚ್ಚಿಡುವ ತಾಯಂದಿರನ್ನು ಅವನು ಬಲ್ಲ. ಲಸಿಕೆಯವರ ಎದುರು ಮಾರಮ್ಮನನ್ನು ನಿಲ್ಲಿಸಿದರೆ ಯಾರೂ ಬರುವುದಿಲ್ಲ, ಮಾರಮ್ಮನನ್ನು ಲಸಿಕೆಯ ಕಡೆಗೇ ಕರೆದುಕೊಂಡರೆ ಬರುತ್ತಾರೆ ಎಂಬುದು ಯಾವ ಆರೋಗ್ಯ ಇಲಾಖೆಯೂ ಅವನಿಗೆ ಹೇಳಿಕೊಟ್ಟ ಪಾಠವಲ್ಲ.

ಸಾರಿ ಮುಗಿದ ಮೇಲೆ ಅವನು ಕೂಡಲೇ ಹೊರಡುತ್ತಿರಲಿಲ್ಲ. ಕೋಲುಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನಿಲ್ಲುತ್ತಿದ್ದ. ಆಗ ಪ್ರಶ್ನೆಗಳು ಬರುತ್ತಿದ್ದವು. ಕೂಸಿಗೆ ಜ್ವರ ಅದ, ಕರ್ಕ ಬರ್ಬೇಕಾ? ಸೀಮೆಎಣ್ಣೆ ಕಾರ್ಡಿಗೆ ಎಷ್ಟು ಕೊಟ್ಟಾರು? ದೊಡ್ಡಿಲಿರೋ ಹಸ ಯಾವ ಬಣ್ಣ, ಕೊಂಬು ಹೆಂಗದ? ಗೊತ್ತಿದ್ದರೆ ಹೇಳುತ್ತಿದ್ದ, ಗೊತ್ತಿಲ್ಲದಿದ್ದರೆ ಚಾವಡಿಗೆ ಹೋಗಿ ಕೇಳಿ ಮಾರನೆಯ ದಿನ ಬಂದು ಹೇಳುತ್ತಿದ್ದ. ಕಿವಿ ಕೇಳದ ಒಬ್ಬ ಅಜ್ಜಿ ಇದ್ದಳು. ಅವಳ ಜಗಲಿಯಿಂದ ಮಾರು ದೂರದಲ್ಲಿ ನಿಂತು ಕೈಸನ್ನೆ ಮಾಡಿ ಹೇಳುತ್ತಿದ್ದ. ಮಾರು ದೂರ ಏಕೆಂದರೆ, ಅದಕ್ಕಿಂತ ಹತ್ತಿರ ಹೋಗುವ ಹಕ್ಕು ಅವನಿಗಿರಲಿಲ್ಲ.

ಇಲ್ಲಿ ನಾನು ನಿಲ್ಲಬೇಕಾಗುತ್ತದೆ. ತಾತನ ದನಿಯನ್ನು ಹೊಗಳುತ್ತಾ ಆ ಮಾರು ದೂರವನ್ನು ಮರೆಯುವುದು ನನ್ನಿಂದಾಗದು. ನಮ್ಮ ಸೀಮೆಯಲ್ಲಿ, ನಮ್ಮ ಸೀಮೆ ಒಂದೇ ಏಕೆ, ಕನ್ನಡ ನಾಡಿನ ಬಹುಪಾಲು ಹಳ್ಳಿಗಳಲ್ಲಿ ಡಂಗುರ ಸಾರುವ ಕೆಲಸ ಹೊಲಗೇರಿಗೆ, ಮಾದಿಗ ಕೇರಿಗೆ ಸೇರಿದ್ದು. ತಮಟೆ ಸತ್ತ ದನದ ಚರ್ಮದ್ದು, ಆದ್ದರಿಂದ ಅದನ್ನು ಮುಟ್ಟುವವನೂ ಮುಟ್ಟಬಾರದವನು. ಅವನ ದನಿ ಎಲ್ಲರ ಅಡುಗೆಮನೆಯ ತನಕ ಹೋಗಬಹುದು, ಅವನು ಜಗಲಿ ಹತ್ತುವಂತಿಲ್ಲ. ಕೆಲಸಕ್ಕೆ ಕೂಲಿ ಎಂಬುದಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ನಿಂತರೆ ಒಂದು ಮೊರ ರಾಗಿ, ಒಂದು ಹೊರೆ ಹುಲ್ಲು. ಹಬ್ಬದ ಮಾರನೆಯ ದಿನ ತಂಗಳು. ಇದಕ್ಕೆ ಆಯ ಎಂದು ಹೆಸರು. ನನ್ನ ಅವ್ವ ಆ ರಾಗಿಯನ್ನು ಒನೆಯುವಾಗ ಒಂದು ಮಾತೂ ಆಡುತ್ತಿರಲಿಲ್ಲ.

ಸರ್ಕಾರದ ಕಡೆಯಿಂದ ನೋಡಿದರೆ ತಾತ ದೊಡ್ಡ ವ್ಯವಸ್ಥೆಯೊಂದರ ತೀರಾ ಕೆಳಗಿನ ತುದಿ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಭಾಷಾವಾರು ಪ್ರಾಂತ್ಯಗಳಾದಾಗ ಮೈಸೂರು ಜಿಲ್ಲೆಗೆ ಬಂತು, 1997ರಲ್ಲಿ ಚಾಮರಾಜನಗರ ಜಿಲ್ಲೆಯಾದಾಗ ಅದರೊಳಗೆ ಸೇರಿತು. ತಾತನಿಗೆ ಈ ಬದಲಾವಣೆ ತಿಳಿದದ್ದು ತನ್ನ ಬಾಯಿಯ ಮೂಲಕವೇ. “ಅಲ್ಲೀಗಂಟ ಕೊಯಮತ್ತೂರು ಕಲೆಕ್ಟ್ರು ಹುಕುಂ ಆಗದ ಅಂತ ಸಾರ್ತಿದ್ದಿ ಕಣಪ್ಪ. ಒಂದಿನ ಶಾನುಭೋಗ್ರು, ಇನ್ನು ಮೈಸೂರು ಅನ್ನು ಅಂದ್ರು. ಮೈಸೂರು ಅಂದಿ” ಎನ್ನುತ್ತಿದ್ದ. ಅವನು ಕೊಯಮತ್ತೂರನ್ನೂ ನೋಡಿರಲಿಲ್ಲ, ಆಗಿನ್ನೂ ಮೈಸೂರನ್ನೂ ನೋಡಿರಲಿಲ್ಲ. ಎರಡು ಸರ್ಕಾರಗಳ ಮಾತನ್ನೂ ಒಂದೇ ತಮಟೆಯಲ್ಲಿ ಸಾರಿದ್ದ.

ಮದ್ರಾಸಿನವರ ಕಾಲದಲ್ಲಿ ಗ್ರಾಮ ಮುನ್ಸೀಫ್, ಕರ್ಣಂ, ತಲೆಯಾರಿ, ತೋಟಿ, ನೀರಗಂಟಿ ಹೀಗೆ ಊರಿನ ಕೆಲಸಗಳು ವಂಶಕ್ಕೆ ಅಂಟಿಕೊಂಡಿದ್ದವು. ಅದಕ್ಕೆಂದೇ 1895ರ ಒಂದು ಕಾಯಿದೆಯಿತ್ತು. ಮೈಸೂರು ಸೀಮೆಯಲ್ಲೂ ಹೆಸರು ಬೇರೆ, ಸಂಗತಿ ಅದೇ. 1961ರಲ್ಲಿ ನಮ್ಮ ರಾಜ್ಯ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ ಮಾಡಿತು. ಅದು 1963ರ ಫೆಬ್ರುವರಿ 1ರಂದು ಜಾರಿಗೆ ಬಂತು. ಶಾನುಭೋಗಿಕೆ, ಪಟೇಲಿಕೆ, ತೋಟಿ, ತಳವಾರಿಕೆ ಎಲ್ಲವೂ ವಂಶದ ಹಕ್ಕಾಗಿ ಅಂದಿಗೆ ಮುಗಿಯಬೇಕಿತ್ತು. ಹಕ್ಕು ಇದ್ದವರದು ಮುಗಿಯಿತು. ಹಕ್ಕಿಲ್ಲದೆ ಬರೀ ಹೊರೆಯಾಗಿದ್ದ ಕೆಲಸ ಹಾಗೆ ಒಂದು ದಿನಕ್ಕೆ ಮುಗಿಯಲಿಲ್ಲ. ಕಾಯಿದೆ ಬಂದ ಮೇಲೆಯೂ ತಾತ ಎಷ್ಟೋ ವರ್ಷ ಸಾರಿದ. ಸಾರದಿದ್ದರೆ ಕಣದ ರಾಗಿ ಇಲ್ಲ, ಸಾರಿದರೆ ಸರ್ಕಾರದ ಸಂಬಳ ಇಲ್ಲ. ನಾನು ಅವನ ಹಿಂದೆ ಓಡಾಡಿದ್ದೆಲ್ಲ ಈ ನಡುವಿನ ಕಾಲದಲ್ಲಿ.

ಒಂದು ಹರಾಜಿನ ದಿನ ನೆನಪಿನಿಂದ ಹೋಗುವುದಿಲ್ಲ. ಸಾಲ ತೀರಿಸಲಾಗದ ಒಬ್ಬ ರೈತನ ಹೊಲವನ್ನು ಕೋರ್ಟು ಜಪ್ತಿ ಮಾಡಿತ್ತು. ಅಮೀನರು ಬಂದು ತಾತನನ್ನು ಕರೆದರು. ಊರಲ್ಲಿ ಸಾರಿದರೆ ಸಾಲದೆ, ಆ ಹೊಲದಲ್ಲೇ ಏಕೆ ತಮಟೆ ಹೊಡೆಯಬೇಕು ಎಂದು ನನಗೆ ಆಗ ಅರ್ಥವಾಗಿರಲಿಲ್ಲ. ಮುಂದೆ ಕಾನೂನು ಬಲ್ಲವರಿಂದ ತಿಳಿಯಿತು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶ, 54ನೇ ನಿಯಮ. ಜಪ್ತಿಯ ಆಜ್ಞೆಯನ್ನು ಆ ಆಸ್ತಿಯಲ್ಲಿ ಅಥವಾ ಅದರ ಪಕ್ಕದಲ್ಲಿ ಡೋಲು ಬಡಿದೋ ರೂಢಿಯಲ್ಲಿರುವ ಬೇರೆ ಬಗೆಯಲ್ಲೋ ಸಾರಬೇಕು, ಪ್ರತಿಯನ್ನು ಅಲ್ಲಿ ಕಾಣುವಂತೆ ಅಂಟಿಸಬೇಕು, ನ್ಯಾಯಾಲಯದಲ್ಲೂ ಅಂಟಿಸಬೇಕು. ಲಂಡನ್ನಿನಲ್ಲಿ ಓದಿ ಬಂದವರು ಕೂತು ಬರೆದ ಸಂಹಿತೆ ಕೊನೆಗೆ ನಿಂತದ್ದು ನಮ್ಮ ತಾತನಂಥವನ ಎರಡು ಕೋಲಿನ ಮೇಲೆ. ಅವನು ಹೊಡೆಯದಿದ್ದರೆ ಹೊಲ ಜಪ್ತಿಯಾಗದು.

ಅವನು ಹೊಡೆದ. ಬದುವಿನ ಮೇಲೆ ನಿಂತು, ಕೇಳುವವರು ಅಮೀನರು, ಜೊತೆಗೆ ಬಂದ ಇಬ್ಬರು, ನಾನು ಮತ್ತು ಆ ರೈತನ ಹೆಂಡತಿ ಇಷ್ಟೇ ಜನ ಇದ್ದರೂ ಪೂರ್ತಿ ಸಾರಿದ. ಆಕೆ ಅಳಲಿಲ್ಲ. “ನೀನು ಹೊಡ್ದದ್ದು ಒಳ್ಳೇದಾಯ್ತು ಬುಡಪ್ಪ, ಬ್ಯಾರೆಯೋರು ಆಗಿದ್ರ ನಗ್ತಿದ್ರು” ಎಂದಳು. ಆ ರಾತ್ರಿ ತಾತ ಉಣ್ಣಲಿಲ್ಲ. ಆ ಹೊಲದ ಕಣದಲ್ಲಿ ಅವನು ವರ್ಷ ವರ್ಷ ರಾಗಿ ಹಾಕಿಸಿಕೊಂಡಿದ್ದ.

ಇದಕ್ಕಿಂತ ಕಠಿಣವಾದದ್ದು ತಾತನ ಭಾಮೈದನಿಗೆ ಒದಗಿತು. ಅವನಿದ್ದದ್ದು ಬೇರೆ ಹಳ್ಳಿ, ಅದರ ಹೆಸರು ಇಲ್ಲಿ ಬೇಡ. ಅವನೂ ಸಾರುವವನೇ. ಅವನ ಮಗ ಯಾವುದೋ ಮಾತಿಗೆ ಊರ ಯಜಮಾನರ ಎದುರು ತಿರುಗಿ ನಿಂತ. ದಂಡ ಹಾಕಿದರು, ಕಟ್ಟಲಿಲ್ಲ. ಆ ಹುಡುಗನ ಮನೆಗೆ ಯಾರೂ ಬೆಂಕಿ ನೀರು ಕೊಡಬಾರದು, ಮಾತಾಡಿಸಬಾರದು, ಕೂಲಿಗೆ ಕರೆಯಬಾರದು ಎಂದು ತೀರ್ಮಾನವಾಯಿತು. ತೀರ್ಮಾನವನ್ನು ಊರಿಗೆ ಸಾರಬೇಕಲ್ಲ. ಸಾರಬೇಕಾದವನು ಅವನ ಅಪ್ಪನೇ. ಸಾರಿದ. ತನ್ನ ಮಗನ ಹೆಸರನ್ನು, ತನ್ನ ಮನೆಯ ಗುರುತನ್ನು ಬೀದಿ ಬೀದಿಯಲ್ಲಿ ತಾನೇ ಕೂಗಿ ಹೇಳಿ, ತನ್ನ ಮನೆಯ ಮುಂದೆಯೂ ನಿಂತು ಹೇಳಿ, ತಮಟೆಯನ್ನು ಚಾವಡಿಯ ಕಂಬಕ್ಕೆ ನೇತುಹಾಕಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಊರು ಬಿಟ್ಟ. ನಮ್ಮ ಮನೆಗೆ ಬಂದು ಕೂತಾಗ ಅವನಿಗೆ ಮಾತೇ ಹೊರಡುತ್ತಿರಲಿಲ್ಲ. ಊರಿಗೆಲ್ಲ ಕೇಳುವ ದನಿಯ ಮನುಷ್ಯ ಅವನು.

ಅಂದು ನಮ್ಮ ಅಪ್ಪ ಮನೆಯೊಳಗೆ ನಿಂತು ಒಂದು ಮಾತು ಹೇಳಿದ: ಈ ತಮಟೆ ತಾತನ ಕಾಲಕ್ಕೇ ಸಾಕು, ನಾನು ಮುಟ್ಟುವುದಿಲ್ಲ, ನನ್ನ ಮಗನೂ ಮುಟ್ಟುವುದಿಲ್ಲ. ತಾತ ಎದುರಾಡಲಿಲ್ಲ. ಹೌದು ಎಂದೂ ಹೇಳಲಿಲ್ಲ.

ನಾನು ಓದಿದೆ. ಓದುತ್ತಾ ಹೋದಂತೆ ತಾತನ ಕೆಲಸದ ಹಿಂದಿನ ಉದ್ದ ತಿಳಿಯುತ್ತಾ ಬಂತು. ಅಶೋಕ ತನ್ನ ನಾಲ್ಕನೇ ಬಂಡೆ ಶಾಸನದಲ್ಲಿ, ಯುದ್ಧದ ಭೇರಿಯ ಘೋಷ ಈಗ ಧರ್ಮದ ಘೋಷವಾಗಿದೆ ಎಂಬ ಅರ್ಥದ ಮಾತು ಹೇಳಿಸಿದ್ದಾನೆ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನ ಮಾತು. ಒಡಿಶಾದ ಧೌಲಿಯಲ್ಲಿರುವ ಅವನ ಪ್ರತ್ಯೇಕ ಶಾಸನಗಳಲ್ಲಿ ಇನ್ನೂ ಒಂದು ಸಂಗತಿ ಇದೆ. ಈ ಬರಹವನ್ನು ತಿಷ್ಯ ನಕ್ಷತ್ರದ ದಿನ ಕೇಳಿಸಬೇಕು, ಕೇಳುವವನು ಒಬ್ಬನೇ ಇದ್ದರೂ ಕೇಳಿಸಬೇಕು ಎಂಬ ಆಜ್ಞೆ. ಅದೇ ಪ್ರತ್ಯೇಕ ಶಾಸನಗಳ ಭಾಗಗಳು ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1980ರ ದಶಕದಲ್ಲಿ ದೊರೆತವು. ಒಂದು ಗುಡಿಯಲ್ಲಿ ದೇವರ ಪೀಠವಾಗಿ ಬಳಕೆಯಾಗಿದ್ದ ಚಪ್ಪಡಿಯ ಮೇಲೆ ಅವು ಇದ್ದವು. ಕಲ್ಲಿನ ಮೇಲೆ ಕೆತ್ತಿದರೆ ಓದುವವರು ಎಷ್ಟು ಮಂದಿ? ಅಕ್ಷರ ಬಾರದ ನಾಡಿಗೆ ರಾಜನ ಮಾತು ಮುಟ್ಟಿದ್ದು ಯಾರೋ ನಿಂತು ಓದಿ ಕೂಗಿದ್ದರಿಂದಲೇ. ಚಿತ್ರದುರ್ಗದ ಬ್ರಹ್ಮಗಿರಿಯ ಶಾಸನವನ್ನು ಬರೆದ ಲಿಪಿಕಾರ ಚಪಡ ತನ್ನ ಹೆಸರನ್ನು ಅದರ ಕೆಳಗೆ ಕೆತ್ತಿಕೊಂಡಿದ್ದಾನೆ. ಅದನ್ನು ಜನರಿಗೆ ಕೂಗಿ ಹೇಳಿದವನ ಹೆಸರು ಎಲ್ಲೂ ಇಲ್ಲ. ಆ ಶಾಸನದ ಚಿತ್ರ ನೋಡಿದಾಗಲೆಲ್ಲ ನನಗೆ ಅವನದೇ ಯೋಚನೆ. ‘ಒಬ್ಬನೇ ಇದ್ದರೂ’ ಎಂಬ ಆಜ್ಞೆ ಓದಿದಾಗ ಬದುವಿನ ಮೇಲೆ ನಿಂತು ಪೂರ್ತಿ ಸಾರಿದ ತಾತ ಕಣ್ಣಿಗೆ ಕಟ್ಟಿದ.

ಹೊರಗಿನ ದೇಶಗಳಲ್ಲೂ ಸಾರುವವರು ಇದ್ದರು. ಇಂಗ್ಲೆಂಡಿನಲ್ಲಿ ಕೈಗಂಟೆ ಬಾರಿಸಿ ಪೇಟೆಯ ಚೌಕದಲ್ಲಿ ಓದಿ ಹೇಳುತ್ತಿದ್ದರು. ಫ್ರಾನ್ಸಿನ ಹಳ್ಳಿಗಳಲ್ಲಿ ಹೊಲಗಾವಲಿನ ನೌಕರನೇ ಡೋಲು ಬಡಿದು ಸಾರುತ್ತಿದ್ದ. ಘಾನಾದಲ್ಲಿ ಕಬ್ಬಿಣದ ಗಂಟೆ ಬಡಿದು ಮುಖ್ಯಸ್ಥನ ಮಾತು ತಿಳಿಸುತ್ತಾರೆ. ಇಂಗ್ಲೆಂಡಿನಲ್ಲಿ ಇಂದಿಗೂ ಜರಿಯಂಚಿನ ಕೋಟು ತೊಟ್ಟು ಸಾರುವವರ ಸ್ಪರ್ಧೆ ನಡೆಯುತ್ತದೆ, ಗೆದ್ದವರಿಗೆ ಬಹುಮಾನ ಕೊಡುತ್ತಾರೆ. ಅದರ ಚಿತ್ರವೊಂದನ್ನು ಪತ್ರಿಕೆಯಲ್ಲಿ ನೋಡಿ ನಾನು ಬಹಳ ಹೊತ್ತು ಪುಟ ತಿರುವದೆ ಕೂತಿದ್ದೆ. ನಮ್ಮ ತಾತನ ಮೈಮೇಲೆ ಇದ್ದದ್ದು ಯಾರೋ ಉಟ್ಟು ಬಿಟ್ಟ ಪಂಚೆ.

1970ರ ದಶಕದ ಕೊನೆಗೆ ತಾತನ ಕೆಲಸ ತಾನಾಗಿ ಸವೆಯಿತು. ಕೊಳ್ಳೇಗಾಲದ ಟೆಂಟ್ ಸಿನಿಮಾದವರು ಜಟಕಾಗೆ ಬಣ್ಣದ ಪೋಸ್ಟರು ಕಟ್ಟಿ, ಮೈಕು ಹಾಕಿಕೊಂಡು ಊರ ಮೇಲೆ ಬಂದು ಚೀಟಿ ಎಸೆದು ಹೋಗುತ್ತಿದ್ದರು. ನಾವು ಮಕ್ಕಳು ಅದರ ಹಿಂದೆ ಓಡುತ್ತಿದ್ದೆವು. ಮನೆಗಳಿಗೆ ರೇಡಿಯೋ ಬಂತು. ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದ ಶುರುಮಾಡಿದ ಆಕಾಶವಾಣಿಯ ದನಿ ನಮ್ಮೂರ ಚಾವಡಿಗೆ ಬರಲು ಅಷ್ಟು ವರ್ಷ ಹಿಡಿಯಿತು. ಬಂದ ಮೇಲೆ ಊರವರು ಸಂಜೆ ಅದರ ಸುತ್ತ ಕೂರುತ್ತಿದ್ದರು, ತಾತನೂ ದೂರದಲ್ಲಿ ಕೂತು ಕೇಳುತ್ತಿದ್ದ. ಪ್ರದೇಶ ಸಮಾಚಾರ ಓದುವವರ ಉಚ್ಚಾರ ಅವನಿಗೆ ಬಲು ಇಷ್ಟ. ಒಂದೇ ತಕರಾರು. “ಚೆಂದಾಗಿ ಹೇಳ್ತರ. ಆದ್ರ ಹೇಳ್ಬುಟ್ಟು ನಿಲ್ಲಲ್ಲ, ಹೊಂಟೋಯ್ತರ” ಎನ್ನುತ್ತಿದ್ದ.

ಅಷ್ಟು ಹೊತ್ತಿಗೆ ನಾಡಿನಲ್ಲಿ ದಲಿತ ಸಂಘರ್ಷ ಸಮಿತಿ ಎದ್ದಿತ್ತು. ಹಳ್ಳಿ ಹಳ್ಳಿಯ ಹುಡುಗರು ಸಾವಿಗೆ, ಊರ ಚಾಕರಿಗೆ ತಮಟೆ ಹೊಡೆಯುವುದಿಲ್ಲ ಎಂದು ಹೇಳತೊಡಗಿದ್ದರು. ಅದೇ ಹುಡುಗರು ಮೆರವಣಿಗೆಗಳಲ್ಲಿ ಅದೇ ತಮಟೆಯನ್ನು ಹಿಡಿದು ಬರುತ್ತಿದ್ದರು. ಹೊರಗಿನವರಿಗೆ ಇದು ಗೊಂದಲವಾಗಿ ಕಂಡಿತು. ನಮಗೆ ಕಾಣಲಿಲ್ಲ. ಕೊಳ್ಳೇಗಾಲದಲ್ಲಿ ಒಂದು ಮೆರವಣಿಗೆಯ ದಿನ, ಎಂದೂ ತಮಟೆ ಮುಟ್ಟುವುದಿಲ್ಲ ಎಂದಿದ್ದ ನಮ್ಮ ಅಪ್ಪ ಬೆಳಿಗ್ಗೆಯೇ ಎದ್ದು ಸೂರಿನಿಂದ ಅದನ್ನು ಇಳಿಸಿದ. ಧೂಳು ಒರೆಸಿದ. ಬೆಂಕಿ ಮಾಡಲು ತಾತನನ್ನೇ ಕರೆದ. ತಾತ ಕಾಯಿಸಿ, ತಟ್ಟಿ ನೋಡಿ, ಮಗನ ಹೆಗಲಿಗೆ ತಾನೇ ಹಾಕಿದ. ಸಾರುವ ಪೆಟ್ಟೇ ಹೊಡೆಯಲೋ ಎಂದು ಅಪ್ಪ ಕೇಳಿದಾಗ “ಅದ್ನೇ ಹೊಡಿ, ಎಲ್ಲಾರೂ ಬಾಗ್ಲಿಗ ಬತ್ತರ” ಎಂದ. ಅಪ್ಪ ಪೇಟೆಯ ಬೀದಿಯಲ್ಲಿ ಅದೇ ಪೆಟ್ಟು ಹೊಡೆದ. ಅಂಗಡಿಯವರು, ನೇಯ್ಗೆ ಮನೆಗಳವರು ಏನೋ ಸರ್ಕಾರದ ವಿಷಯ ಎಂದು ಹೊರಗೆ ಬಂದು ನಿಂತರು. ಅಂದು ಅವರು ಕೇಳಿದ್ದು ನಮ್ಮ ಮಾತು.

ತಾತ ಇಲ್ಲವಾಗಿ ಬಹಳ ವರ್ಷವಾಯಿತು. ಆದರೆ ಡಂಗುರ ಹೋಗಿಲ್ಲ. ಗ್ರಾಮಸಭೆಯ ಪತ್ರಗಳಲ್ಲಿ ‘ಟಾಂ ಟಾಂ ಮೂಲಕ ಪ್ರಚಾರ ಪಡಿಸುವುದು’ ಎಂಬ ಸಾಲು ಇಂದಿಗೂ ಬರುತ್ತದೆ. 2018ರಲ್ಲಿ, ಮತ್ತೆ 2019ರಲ್ಲಿ ಕಾವೇರಿ ಉಕ್ಕಿ ದಾಸನಪುರ, ಮುಳ್ಳೂರು, ಹಂಪಾಪುರದ ಕಡೆ ನೀರು ನುಗ್ಗಿದಾಗ ಮೊಬೈಲು ಎಲ್ಲರ ಕೈಲಿತ್ತು. ಆದರೂ ಹೊಳೆದಂಡೆಯ ಜನರನ್ನು ಎಬ್ಬಿಸಬೇಕಾದರೆ ಬೀದಿಗೆ ಹೋಗಿ ಕೂಗಲೇಬೇಕು. ದನ ಬಿಟ್ಟು ಬರಲೊಲ್ಲದ ಮುದುಕನಿಗೆ ಮೆಸೇಜು ಏನು ಮಾಡೀತು? ಅವನೆದುರು ಒಬ್ಬ ಮನುಷ್ಯ ನಿಂತು, ದನವನ್ನೂ ಹೊಡೆದುಕೊಂಡು ಬಾ, ಇಂಥ ಕಡೆ ಕಟ್ಟಲು ಜಾಗವಿದೆ ಎನ್ನಬೇಕು.

ಬೆಟ್ಟದ ಆಚೆ, ಪಾಲಾರ್ ದಾಟಿದರೆ ತಮಿಳುನಾಡು. ಅಲ್ಲಿ ಇದಕ್ಕೆ ತಂಡೋರ ಎನ್ನುತ್ತಾರೆ. 2022ರ ಆಗಸ್ಟಿನಲ್ಲಿ ಆ ರಾಜ್ಯದ ಮುಖ್ಯ ಕಾರ್ಯದರ್ಶಿ ಇರೈ ಅನ್ಬು, ಸರ್ಕಾರದ ವಿಷಯಗಳಿಗೆ ಇನ್ನು ತಂಡೋರ ಹಾಕಿಸಬಾರದು, ವಾಹನಕ್ಕೆ ಧ್ವನಿವರ್ಧಕ ಕಟ್ಟಿ ತಿಳಿಸಬೇಕು ಎಂದು ಜಿಲ್ಲಾಧಿಕಾರಿಗಳಿಗೆ ಸೂಚಿಸಿದರು. ಒಬ್ಬ ಮನುಷ್ಯನನ್ನು ಜಾತಿ ನೋಡಿ ಕರೆದು ಬೀದಿ ಬೀದಿ ಬಡಿಸುವುದು ನಿಲ್ಲಲೇಬೇಕಿತ್ತು. ಆ ಸುದ್ದಿ ಓದಿ ನನಗೆ ಸಂತೋಷವಾಯಿತು. ನಮ್ಮ ಕಡೆಯೂ ಅಂಥ ಸ್ಪಷ್ಟ ಮಾತು ಬರಬೇಕು ಎಂದು ಇಂದಿಗೂ ಬಯಸುತ್ತೇನೆ. ಆದರೆ ತಮಟೆಯ ಮೇಲೆ ನನಗೆ ಸಿಟ್ಟಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಯ ಕಲೆಗಾಗಿಯೇ 2023ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಕೇರಿಯಲ್ಲಿ ಸಿಹಿ ಹಂಚಿದೆವು.

2020ರ ಕೊರೊನಾ ಕಾಲದಲ್ಲಿ ನಾಡಿನ ತುಂಬ ಹಳ್ಳಿಗಳಲ್ಲಿ ಡಂಗುರ ಮತ್ತೆ ಕೇಳಿಸಿತು. ಆ ಜೂನ್ ತನಕ ಚಾಮರಾಜನಗರ ಜಿಲ್ಲೆಯಲ್ಲಿ ಒಂದೂ ಕೇಸು ಇರಲಿಲ್ಲ. ಅದನ್ನು ಹಾಗೇ ಉಳಿಸಿಕೊಳ್ಳಬೇಕೆಂಬ ಆತಂಕ ಎಲ್ಲರಲ್ಲೂ ಇತ್ತು. ಹೊರ ಊರಿಂದ ಬಂದವರು ತಿಳಿಸಬೇಕು, ಗುಂಪು ಸೇರಬಾರದು ಎಂದು ಸಾರಿಸಬೇಕಾಗಿ ಬಂದಾಗ ನನ್ನ ತಂಗಿಯ ಮಗನನ್ನು ಕೇಳಿದರು. ಅವನು ಡಿಗ್ರಿ ಓದಿದವನು, ಜಾತ್ರೆ, ದಸರಾ ಮೆರವಣಿಗೆಗಳಿಗೆ ತಮಟೆ ತಂಡ ಕಟ್ಟಿಕೊಂಡು ಹೋಗುವವನು. ಕೂಡಲೇ ಒಪ್ಪಲಿಲ್ಲ. ದಿನಕ್ಕೆ ಇಷ್ಟು ಕೂಲಿ, ಅದಕ್ಕೆ ರಸೀದಿ, ಮತ್ತು ಏನು ಹೇಳಬೇಕೋ ಅದನ್ನು ಮೊದಲು ನನಗೆ ಓದಲು ಕೊಡಬೇಕು, ಅದರಲ್ಲಿ ಯಾವ ಕೇರಿಯನ್ನಾಗಲಿ ಜಾತಿಯನ್ನಾಗಲಿ ಎತ್ತಿ ಆಡುವ ಮಾತಿದ್ದರೆ ಸಾರುವುದಿಲ್ಲ ಎಂದ. ಮೂರಕ್ಕೂ ಒಪ್ಪಿದರು.

ಅಂದು ಸಂಜೆ ಅವನು ನಮ್ಮ ಬೀದಿಗೂ ಬಂದ. ಅವನ ತಮಟೆ ಫೈಬರಿನದು, ಬೆಂಕಿಗೆ ಹಿಡಿಯುವ ಕೆಲಸವಿಲ್ಲ. ಮುಖಕ್ಕೆ ಮಾಸ್ಕು ಇದ್ದುದರಿಂದ ದನಿ ಸ್ವಲ್ಪ ಮುಚ್ಚಿಕೊಂಡಿತ್ತು. ತಾತನನ್ನು ಅವನು ಕಂಡವನಲ್ಲ. ಹೇಳಿಸುವವರು ಯಾರು, ವಿಷಯ ಏನು, ಯಾವ ದಿನ, ತಪ್ಪಿದರೆ ಏನು ಎಂಬ ಅದೇ ಕ್ರಮದಲ್ಲಿ ಹೇಳಿದ. ಮುಗಿಸಿ ಕೋಲುಗಳನ್ನು ಕಂಕುಳಿಗೆ ಸಿಕ್ಕಿಸಿ ನಿಂತ. ಎದುರು ಮನೆಯ ಹೆಂಗಸು ಜಗಲಿಯಿಂದಲೇ, ಬೆಂಗಳೂರಿಂದ ಮಗ ಬತ್ತಾನಂತೆ, ಹದಿನಾಕು ದಿನ ಎಲ್ಲಿ ಮಲಗ್ಸಾದು, ನಮ್ಗ ಇರಾದೇ ಒಂದು ಕೋಣೆ ಎಂದಳು. ಅವನು ಹತ್ತಿರ ಹೋಗಿ ಜಗಲಿಯ ಅಂಚಿನಲ್ಲಿ ಕೂತು, ಊರಿನ ಇಸ್ಕೂಲಲ್ಲಿ ಏರ್ಪಾಡು ಮಾಡವ್ರೆ ಅಕ್ಕ, ಬರೋ ದಿನ ಗೊತ್ತಾದ್ರ ನಂಗ ಒಂದು ಫೋನು ಮಾಡು, ನಾನೇ ಹೇಳ್ತಿನಿ ಎಂದು ತನ್ನ ನಂಬರು ಬರೆಸತೊಡಗಿದ.